ಮುಖಕ್ಕೆ ನೆರಳು, ಮುಖಕ್ಕೆ ಬೆಳಕು

ಮದುವೆಗೆ ಹೊರಟ ಮನೆಯೊಂದನ್ನು ಕಲ್ಪಿಸಿಕೊಳ್ಳಿ. ಆರ್.ಟಿ. ನಗರದಿಂದ ಯಲಹಂಕದ ಕಲ್ಯಾಣಮಂಟಪಕ್ಕೆ ಹೋಗಬೇಕು. ಸಂಜೆ ಆರತಕ್ಷತೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ವಾಹನಗಳ ಸಾಲು ನಿಲ್ಲುವ ಮೊದಲೇ ಹೊರಡೋಣವೆಂದು ಅಪ್ಪ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾರೆ. ಕನ್ನಡಿಯ ಮುಂದೆ ಕಾಲೇಜಿಗೆ ಹೋಗುವ ಮಗಳು. ಅವಳ ಕೈಯಲ್ಲೊಂದು ಪುಟ್ಟ ಡಬ್ಬಿ, ಅದರೊಳಗೆ ಕಂದು ಬಣ್ಣದ ಪುಡಿ. ಅದನ್ನವಳು ಬ್ರಷ್‌ನಿಂದ ಕೆನ್ನೆಯ ಕೆಳಗೆ ಎಳೆದುಕೊಳ್ಳುವುದನ್ನು ಕಂಡ ಅಮ್ಮನಿಗೆ ಗಾಬರಿ.

"ಏನೇ ಇದು? ಎಲ್ರೂ ಬೆಳ್ಳಗೆ ಕಾಣ್ಲಿ ಅಂತ ಪೌಡರ್ ಹಚ್ಕೊಂಡ್ರೆ ನೀನು ಕಪ್ಪು ಬಳ್ಕೋತಿದೀಯಲ್ಲ!"

"ಕಪ್ಪಾಗೋಕಲ್ಲ ಅಮ್ಮಾ, ನೆರಳು ಕಾಣೋಕೆ."

ಅಮ್ಮನ ಗಾಬರಿ ಸಹಜ. ನಮ್ಮ ಮನೆಗಳಲ್ಲಿ ಬಹುಕಾಲ ಪೌಡರ್ ಎಂದರೆ ಒಂದೇ ಅರ್ಥ: ಬಿಳಿಯ, ಸುವಾಸನೆಯ ಟಾಲ್ಕಂ ಪೌಡರ್. ಯಶವಂತಪುರದ ಆಸುಪಾಸಿನವರಿಗಂತೂ ಸೋಪು, ಪೌಡರುಗಳ ನಂಟು ಹಳೆಯದು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಹುಟ್ಟಿದ ಸರ್ಕಾರಿ ಸೋಪು ಕಾರ್ಖಾನೆ ಇಂದು ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಸಂಸ್ಥೆಯಾಗಿ ಅಲ್ಲೇ ನಡೆಯುತ್ತಿದೆ. ಮೆಟ್ರೊ ನಿಲ್ದಾಣಕ್ಕೂ 'ಸ್ಯಾಂಡಲ್ ಸೋಪ್ ಫ್ಯಾಕ್ಟರಿ' ಎಂದೇ ಹೆಸರು. ಸ್ನಾನವಾದ ಮೇಲೆ ಅಂಗೈಗೆ ಪೌಡರ್ ಸುರಿದು ಮುಖಕ್ಕೂ ಕತ್ತಿಗೂ ಸವರಿಕೊಂಡರೆ ಅಲಂಕಾರ ಮುಗಿಯಿತು. ಅದರಿಂದ ಬೆವರು ಹೀರಿ ಹೋಗುತ್ತದೆ, ಘಮ ಬರುತ್ತದೆ. ಆದರೆ ಮುಖದ ಆಕಾರ ಬದಲಾಗಿ ಕಾಣುವುದಿಲ್ಲ.

ಮಗಳು ಮಾಡುತ್ತಿರುವುದು ಬೇರೆ ಕೆಲಸ. ಪೇಟೆಯಲ್ಲಿ ಇದಕ್ಕೆ ಕಾಂಟೂರ್ ಮತ್ತು ಹೈಲೈಟ್ ಎಂಬ ಹೆಸರು. ಒಂದು ಪುಡಿಯಿಂದ ನೆರಳು, ಇನ್ನೊಂದರಿಂದ ಬೆಳಕು. ಇದನ್ನು ಮಾಡಬಹುದೇ, ಮಾಡಿದರೆ ಚರ್ಮಕ್ಕೆ ತೊಂದರೆಯೇ, ಯಾರು ಎಚ್ಚರವಾಗಿರಬೇಕು ಎಂಬುದನ್ನು ಈ ವಾರ ನೋಡೋಣ.

ಕಣ್ಣಿಗೆ ಮಾಡುವ ಮೋಸ

ಬೆಳಗಿನ ಬಿಸಿಲಲ್ಲಿ ನಂದಿಬೆಟ್ಟವನ್ನು ನೋಡಿದ್ದೀರಲ್ಲವೇ? ಮುಂದೆ ಚಾಚಿದ ಬಂಡೆ ಹೊಳೆಯುತ್ತದೆ, ಹಿಂದೆ ಸರಿದ ಕಣಿವೆ ಕಪ್ಪಾಗಿ ಕಾಣುತ್ತದೆ. ಉಬ್ಬು ತಗ್ಗುಗಳನ್ನು ನಮ್ಮ ಕಣ್ಣು ಗುರುತಿಸುವುದು ಹೀಗೆಯೇ. ಬೆಳಕಿದ್ದದ್ದು ಮುಂದೆ ಬಂದಂತೆ, ನೆರಳಿದ್ದದ್ದು ಹಿಂದೆ ಸರಿದಂತೆ ತೋರುತ್ತದೆ. ಮುಖಕ್ಕೂ ಇದೇ ಲೆಕ್ಕ. ಕೆನ್ನೆಯ ಮೂಳೆಯ ಕೆಳಗೆ ಕೊಂಚ ಗಾಢ ಪುಡಿ ಹಚ್ಚಿದರೆ ಅಲ್ಲಿ ತಗ್ಗಿದೆಯೆಂದು ಕಣ್ಣು ನಂಬುತ್ತದೆ. ಮೂಳೆಯ ಮೇಲೆ ತಿಳಿ ಪುಡಿ ಇಟ್ಟರೆ ಅದು ಎದ್ದು ಕಾಣುತ್ತದೆ.

ಈ ವಿದ್ಯೆ ಹೊಸದೇನಲ್ಲ. ರಂಗದ ಮೇಲೆ ಎದುರಿನಿಂದ ಬೀಳುವ ಪ್ರಖರ ದೀಪ ಮುಖದ ಸಹಜ ನೆರಳುಗಳನ್ನೆಲ್ಲ ಅಳಿಸಿ ಮುಖವನ್ನು ಚಪ್ಪಟೆ ಮಾಡಿಬಿಡುತ್ತದೆ. ಅಳಿಸಿಹೋದದ್ದನ್ನು ಮತ್ತೆ ಬರೆದುಕೊಳ್ಳಲೆಂದೇ ನಾಟಕದವರೂ ಸಿನಿಮಾದವರೂ ಗಾಢ ಮತ್ತು ತಿಳಿ ಬಣ್ಣಗಳನ್ನು ಒಟ್ಟಿಗೆ ಬಳಸುತ್ತ ಬಂದರು. ನಮ್ಮ ಯಕ್ಷಗಾನದ ಚೌಕಿಗೆ ಹೋದರೆ ಇದರ ಇನ್ನೂ ದೊಡ್ಡ ರೂಪವನ್ನು ನೋಡಬಹುದು. ಕಲಾವಿದರು ತಮ್ಮ ಮುಖವನ್ನು ತಾವೇ ಬರೆದುಕೊಳ್ಳುತ್ತಾರೆ. ಹಿಂದೆ ಅವರು ಬಳಸುತ್ತಿದ್ದ ಬಣ್ಣಗಳಲ್ಲಿ ಇಂಗಳೀಕ ಮತ್ತು ಅರದಾಳಗಳೂ ಇದ್ದವು. ಇಂಗಳೀಕವೆಂದರೆ ಪಾದರಸದ ಸಂಯುಕ್ತ, ಅರದಾಳವೆಂದರೆ ಶಂಖಪಾಷಾಣ ಎಂದು ನಾವು ಕರೆಯುವ ಆರ್ಸೆನಿಕ್‌ನ ಸಂಯುಕ್ತ. ಎರಡೂ ಚರ್ಮಕ್ಕೆ ಸಲ್ಲದ ವಸ್ತುಗಳು. ಆದರೆ ಚೌಕಿಯ ಒಂದು ಪದ್ಧತಿ ಇಂದಿಗೂ ನಮಗೆ ಪಾಠವಾಗಬಲ್ಲದು. ಆಟ ಮುಗಿದ ಮೇಲೆ, ನಿದ್ದೆ ಎಷ್ಟೇ ಎಳೆಯುತ್ತಿರಲಿ, ತೆಂಗಿನೆಣ್ಣೆ ಸವರಿ ಬಣ್ಣವನ್ನು ಪೂರ್ತಿ ತೆಗೆದೇ ಮಲಗುವುದು. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರೋಣ.

ನಿಮ್ಮ ಬಣ್ಣವೇ ಅಳತೆಗೋಲು

ಈ ಅಲಂಕಾರ ಕೆಡುವುದು ಹೆಚ್ಚಾಗಿ ಪುಡಿಯ ಆಯ್ಕೆಯಲ್ಲಿ. ನೆರಳಿನ ಪುಡಿ ನಿಮ್ಮ ಚರ್ಮಕ್ಕಿಂತ ಒಂದು ಅಥವಾ ಎರಡು ಮೆಟ್ಟಿಲು ಮಾತ್ರ ಗಾಢವಾಗಿರಬೇಕು. ಅದರಲ್ಲಿ ಹೊಳಪು ಇರಬಾರದು, ಏಕೆಂದರೆ ನೆರಳು ಎಂದೂ ಹೊಳೆಯುವುದಿಲ್ಲ. ಕೆಂಪು ಅಥವಾ ಕಿತ್ತಳೆ ಛಾಯೆಯ ಕಂದು ಬೇಡ. ಅದು ನೆರಳಿನಂತಲ್ಲ, ತುಕ್ಕಿನ ಕಲೆಯಂತೆ ಕಾಣುತ್ತದೆ. ತುಸು ಬೂದು ಬೆರೆತ ಕಂದು ಒಳ್ಳೆಯದು.

ಬೆಳಕಿನ ಪುಡಿಗೂ ಇದೇ ನಿಯಮ. ಒಂದೆರಡು ಮೆಟ್ಟಿಲು ತಿಳಿಯಾಗಿದ್ದರೆ ಸಾಕು. ಗೋಧಿ ಬಣ್ಣದ, ಎಣ್ಣೆಗಪ್ಪಿನ ಮುಖಕ್ಕೆ ಹಾಲುಬಿಳುಪಿನ ಪುಡಿ ಹಾಕಿದರೆ ಬೂದಿ ಬಳಿದಂತಾಗುತ್ತದೆ. ಇಂಥ ಮುಖಕ್ಕೆ ಹೊಂಬಣ್ಣದ ಅಥವಾ ಜೇನುಬಣ್ಣದ ಪುಡಿ ಒಪ್ಪುತ್ತದೆ.

ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನಿಂತು ಬಣ್ಣ ಆರಿಸಬೇಡಿ. ಪುಡಿಯನ್ನು ದವಡೆಯ ಅಂಚಿಗೆ ಚೂರು ಹಚ್ಚಿಕೊಂಡು ಹೊರಗೆ ಹಗಲು ಬೆಳಕಿಗೆ ಬಂದು ನೋಡಿ. ಮುಂಗೈಗೆ ಹಚ್ಚಿ ನೋಡುವುದು ರೂಢಿಯಾದರೂ ಕೈಯ ಬಣ್ಣಕ್ಕೂ ಮುಖದ ಬಣ್ಣಕ್ಕೂ ವ್ಯತ್ಯಾಸವಿರುತ್ತದೆ. ಸ್ಕೂಟರ್ ಓಡಿಸುವವರಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು.

ಹಚ್ಚುವ ಕ್ರಮ

ಮೊದಲು ಮುಖವನ್ನು ತೊಳೆದು ಮೆತ್ತಗೆ ಒತ್ತಿ ಒರೆಸಿಕೊಳ್ಳಿ. ತೇವಾಂಶ ಕಾಪಾಡುವ ಲೋಷನ್, ಹಗಲಾದರೆ ಸನ್‌ಸ್ಕ್ರೀನ್ ಹಚ್ಚಿ ಹತ್ತು ನಿಮಿಷ ಬಿಡಿ. ಒದ್ದೆ ಮುಖಕ್ಕೆ ಪುಡಿ ಬಿದ್ದರೆ ತೇಪೆ ತೇಪೆಯಾಗಿ ಅಂಟುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಒಣಹವೆಗೆ ಚರ್ಮ ಬಿರಿಯುತ್ತದೆ. ಆಗ ಲೋಷನ್ ಇಲ್ಲದೆ ಪುಡಿ ಹಚ್ಚಿದರೆ ಹೊಪ್ಪಳಿಕೆಗಳೆಲ್ಲ ಎದ್ದು ಕಾಣುತ್ತವೆ.

ನೆರಳಿಗೆ ಜಾಗ ಹುಡುಕುವುದು ಸುಲಭ. ಕೆನ್ನೆಯ ಮೂಳೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ಅದರ ಕೆಳಗಿನ ತಗ್ಗಿನಲ್ಲಿ, ಕಿವಿಯ ಕಡೆಯಿಂದ ಬಾಯಿಯ ಮೂಲೆಯತ್ತ ಬ್ರಷ್ ಎಳೆಯಿರಿ. ಅರ್ಧ ದಾರಿಯಲ್ಲೇ ನಿಲ್ಲಿಸಿ. ಬಾಯಿಯ ತನಕ ಎಳೆದರೆ ಮುಖ ಸೊರಗಿದಂತೆ ಕಾಣುತ್ತದೆ. ಹಣೆಯ ಎರಡು ಬದಿ ಮತ್ತು ದವಡೆಯ ಅಂಚು ಉಳಿದ ಜಾಗಗಳು. ಮೂಗಿನ ಬದಿಗಳಿಗೆ ಸಣ್ಣ ಬ್ರಷ್‌ನಿಂದ ತೀರ ತೆಳುವಾಗಿ ಹಚ್ಚಿದರೆ ಸಾಕು.

ದುಂಡು ಮುಖದವರು ಕೆನ್ನೆ ಮತ್ತು ಹಣೆಯ ಬದಿಗಳಿಗೆ ನೆರಳು ಕೊಡಬಹುದು. ಉದ್ದ ಮುಖದವರಿಗೆ ಬದಿಗಳಲ್ಲಿ ನೆರಳು ಬೇಡ, ಹಣೆಯ ಮೇಲಂಚು ಮತ್ತು ಗಲ್ಲದ ತುದಿಯಲ್ಲಿರಲಿ. ಚೌಕ ಮುಖದವರು ದವಡೆಯ ಮೂಲೆಗಳನ್ನು ಮೆದುಗೊಳಿಸಿಕೊಂಡರೆ ಸಾಕು.

ಬೆಳಕಿನ ಪುಡಿ ಕೆನ್ನೆಯ ಮೂಳೆಯ ಮೇಲೆ, ಮೂಗಿನ ದಿಂಡಿನ ಮೇಲೆ, ಹಣೆಯ ನಡುವೆ, ಗಲ್ಲದ ಮೇಲೆ ಬರಲಿ. ಮೊಡವೆಯ ಕುಳಿ ಇರುವಲ್ಲಿ, ದೊಡ್ಡ ರಂಧ್ರಗಳಿರುವಲ್ಲಿ ಹೊಳಪಿನ ಪುಡಿ ಹಾಕಬೇಡಿ. ಹೊಳಪು ಅವನ್ನು ಮುಚ್ಚುವುದಿಲ್ಲ, ದೀಪ ಹಿಡಿದು ತೋರಿಸುತ್ತದೆ. ಕೊನೆಗೆ ಸ್ವಚ್ಛವಾದ ಮೆತ್ತನೆಯ ಬ್ರಷ್‌ನಿಂದ ಎರಡೂ ಬಣ್ಣಗಳ ಅಂಚುಗಳನ್ನು ಬೆರೆಸಿ, ಕಿಟಕಿಯ ಬಳಿ ಹೋಗಿ ಕನ್ನಡಿ ನೋಡಿ. ಗೆರೆ ಕಾಣುತ್ತಿದ್ದರೆ ಇನ್ನೂ ಬೆರೆಸಬೇಕೆಂದು ಅರ್ಥ.

ಮದುಮಗಳಿಗೆ ಒಂದು ಮಾತು. ಸಿಲಿಕಾ, ಟೈಟಾನಿಯಂ ಡೈಆಕ್ಸೈಡ್ ಹೆಚ್ಚಿರುವ ಪುಡಿ ಕ್ಯಾಮರಾದ ಫ್ಲ್ಯಾಷ್ ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ. ಕನ್ನಡಿಯಲ್ಲಿ ಚೆನ್ನಾಗಿದ್ದ ಮುಖ ಫೋಟೊದಲ್ಲಿ ಸುಣ್ಣ ಬಳಿದಂತೆ ಬರಬಹುದು. ಮುಹೂರ್ತಕ್ಕೆ ಒಂದು ವಾರ ಮೊದಲೇ ಅದೇ ಪುಡಿ ಹಚ್ಚಿ, ಫ್ಲ್ಯಾಷ್ ಹಾಕಿ ಒಂದು ಚಿತ್ರ ತೆಗೆದು ನೋಡಿ.

ಡಬ್ಬಿಯೊಳಗೆ ಏನಿದೆ?

ಇಂಥ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಟಾಲ್ಕ್ ಎಂಬ ಖನಿಜ, ಅಭ್ರಕ, ಕಬ್ಬಿಣದ ಆಕ್ಸೈಡ್‌ಗಳು, ಟೈಟಾನಿಯಂ ಡೈಆಕ್ಸೈಡ್, ಪುಡಿ ಚರ್ಮಕ್ಕೆ ಅಂಟಲೆಂದು ಸೇರಿಸುವ ಸ್ಟಿಯರೇಟ್‌ಗಳು, ಸುವಾಸನೆ ಮತ್ತು ಕೆಡದಂತೆ ಕಾಯುವ ರಾಸಾಯನಿಕಗಳು. ಕೆಂಪು, ಹಳದಿ, ಕಪ್ಪು ಕಬ್ಬಿಣದ ಆಕ್ಸೈಡ್‌ಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದಾಗ ನಾನಾ ಬಗೆಯ ಕಂದು ಹುಟ್ಟುತ್ತದೆ. ಹೈಲೈಟರ್‌ನ ಮಿನುಗು ಬಹುಮಟ್ಟಿಗೆ ಅಭ್ರಕದ್ದು.

ಟಾಲ್ಕ್ ಬಗ್ಗೆ ನೀವು ಸುದ್ದಿ ಓದಿರಬಹುದು. ಭೂಮಿಯಲ್ಲಿ ಟಾಲ್ಕ್ ಇರುವಲ್ಲಿ ಕೆಲವೊಮ್ಮೆ ಕಲ್ನಾರೂ ಇರುತ್ತದೆ. ಕಲ್ನಾರು ಕ್ಯಾನ್ಸರ್‌ಕಾರಕ. ಆದ್ದರಿಂದ ಟಾಲ್ಕ್ ಕಲ್ನಾರಿನ ಸೋಂಕಿಲ್ಲದೆ ಶುದ್ಧವಾಗಿರುವುದು ಮುಖ್ಯ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಟಾಲ್ಕನ್ನೇ 'ಬಹುಶಃ ಕ್ಯಾನ್ಸರ್‌ಕಾರಕ' ವಸ್ತುಗಳ ಪಟ್ಟಿಗೆ ಸೇರಿಸಿತು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಟಾಲ್ಕ್ ಆಧಾರಿತ ಮಕ್ಕಳ ಪೌಡರ್ ಮಾರಾಟವನ್ನು 2020ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ, 2023ರಲ್ಲಿ ಜಗತ್ತಿನಾದ್ಯಂತ ನಿಲ್ಲಿಸಿತು.

ಹಾಗೆಂದು ಮದುವೆಯ ದಿನ ಕೆನ್ನೆಗೆ ಒಂದಿಷ್ಟು ಪುಡಿ ತಾಗಿಸಿದ್ದಕ್ಕೆ ಹೆದರಬೇಕಿಲ್ಲ. ಕೆಲವು ಎಚ್ಚರಗಳು ಸಾಕು. ಪುಡಿಯನ್ನು ಉಸಿರಿನೊಳಗೆ ಎಳೆದುಕೊಳ್ಳಬೇಡಿ. ಸಡಿಲ ಪುಡಿಗಿಂತ ಬಿಲ್ಲೆಯಂತೆ ಒತ್ತಿದ ಪುಡಿ ಒಳ್ಳೆಯದು. ಬ್ರಷ್‌ನ ಹೆಚ್ಚುವರಿ ಪುಡಿಯನ್ನು ಊದಿ ಹಾರಿಸದೆ ಡಬ್ಬಿಯ ಅಂಚಿಗೆ ತಟ್ಟಿ ಕೊಡವಿ. ಆಸ್ತಮಾ ಇರುವವರು, ಎಳೆಮಗು ತೊಡೆಯ ಮೇಲಿರುವವರು ಈ ಮಾತನ್ನು ಮರೆಯಬಾರದು. ಮಕ್ಕಳಿಗೆ ಪೌಡರ್ ಸುರಿಯುವ, ಜನನಾಂಗದ ಸುತ್ತ ಪೌಡರ್ ಹಾಕುವ ಹಳೆಯ ಅಭ್ಯಾಸವನ್ನು ಬಿಡುವುದೇ ಲೇಸು.

ಕೊಳ್ಳುವಾಗ ಡಬ್ಬಿಯನ್ನು ತಿರುಗಿಸಿ ಓದಿ. ತಯಾರಕರ ಹೆಸರು ಮತ್ತು ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಯಾವ ದಿನಾಂಕದೊಳಗೆ ಬಳಸಬೇಕೆಂಬ ಸೂಚನೆ, ಒಳಗಿರುವ ವಸ್ತುಗಳ ಪಟ್ಟಿ ಇರಬೇಕು. ಹೊರದೇಶದ ಮಾಲಾದರೆ ಆಮದು ಮಾಡಿದವರ ವಿಳಾಸ ಮತ್ತು ನೋಂದಣಿ ಸಂಖ್ಯೆ ಇರಬೇಕು. ಇವೇನೂ ಇಲ್ಲದ ಡಬ್ಬಿ ಎಷ್ಟೇ ಅಗ್ಗವಾಗಿರಲಿ, ಕೆಳಗಿಟ್ಟು ಬನ್ನಿ.

ಮೊಡವೆ, ಅಲರ್ಜಿ ಮತ್ತು ಬ್ರಷ್

ಎಣ್ಣೆಯಂಶದ ಕ್ರೀಮಿಗೆ ಹೋಲಿಸಿದರೆ ಪುಡಿ ಮೊಡವೆಯವರಿಗೆ ಹಗುರ. ಹಾಗಿದ್ದೂ ಮೊಡವೆ ಹೆಚ್ಚಾದರೆ ಡಬ್ಬಿಯ ಜೊತೆಗೆ ಬ್ರಷ್ಷನ್ನೂ ಸಂಶಯಿಸಿ. ಚರ್ಮದ ಎಣ್ಣೆ, ಸತ್ತ ಕೋಶ, ಬೆವರು, ರಸ್ತೆಯ ಧೂಳು ಬ್ರಷ್‌ನ ಕೂದಲಲ್ಲಿ ಸೇರಿ ಕುಳಿತಿರುತ್ತವೆ. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯ ಶಾಂಪೂವಿನಲ್ಲಿ ತೊಳೆದು, ಮಲಗಿಸಿಟ್ಟು ಒಣಗಿಸಿ. ಹಿಡಿಯ ಮೇಲೆ ನಿಲ್ಲಿಸಿದರೆ ನೀರು ಒಳಗಿಳಿದು ಬುಡ ಸಡಿಲವಾಗುತ್ತದೆ.

ಅಕ್ಕತಂಗಿಯರು, ಗೆಳತಿಯರು ಒಂದೇ ಬ್ರಷ್ ಹಂಚಿಕೊಳ್ಳುವುದು ಪ್ರೀತಿಯ ವಿಷಯವಾದರೂ ಆರೋಗ್ಯದ ವಿಷಯವಲ್ಲ. ತುಟಿಯ ಬಳಿ ಏಳುವ ಸರ್ಪಸುತ್ತಿನ ಜಾತಿಯ ಗುಳ್ಳೆ, ಕಣ್ಣಿನ ಸೋಂಕು, ಕೀವುಗುಳ್ಳೆ ಹೀಗೆ ದಾಟಬಲ್ಲವು. ಪಾರ್ಲರಿಗೆ ಹೋಗುವಾಗ ನಿಮ್ಮದೇ ಬ್ರಷ್ ಒಯ್ಯಿರಿ. ಇಲ್ಲವಾದರೆ ತೊಳೆದದ್ದನ್ನು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಹೊಸ ಪುಡಿಯನ್ನು ನೇರವಾಗಿ ಮುಖಕ್ಕೆ ಹಾಕುವ ಮೊದಲು ಮೊಣಕೈಯ ಒಳಬದಿಗೆ ದಿನಕ್ಕೆರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡಿ. ತುರಿಕೆ, ಕೆಂಪು, ಗುಳ್ಳೆ ಬಂದರೆ ಅದು ನಿಮಗಲ್ಲ. ಅಲರ್ಜಿ ತರುವುದರಲ್ಲಿ ಸುವಾಸನೆಯದು ಮೇಲುಗೈ. ಅಂಟಿಸುವ ಬಿಂದಿ ಇಟ್ಟ ಜಾಗದಲ್ಲಿ ಬಿಳಿ ಮಚ್ಚೆ ಮೂಡಿದವರನ್ನು ನೀವು ನೋಡಿರಬಹುದು. ಕೆಲವು ಅಂಟುಗಳಲ್ಲಿರುವ ರಾಸಾಯನಿಕ ಚರ್ಮದ ಬಣ್ಣದ ಕೋಶಗಳನ್ನೇ ಕೊಲ್ಲುತ್ತದೆ. ಮುಖಕ್ಕೆ ಹಚ್ಚಿದ್ದು ಯಾವುದೇ ಇರಲಿ, ಅಲ್ಲಿ ತುರಿಸಿದರೆ ಅಥವಾ ಬಣ್ಣ ತಿಳಿಯಾದರೆ ಕೂಡಲೇ ನಿಲ್ಲಿಸಿ.

ಭಂಗು ಇರುವವರಿಗೆ

ಬಸುರಿನಲ್ಲಿ ಮತ್ತು ಆ ನಂತರ ಅನೇಕರ ಕೆನ್ನೆಯ ಮೂಳೆಯ ಮೇಲೆಯೇ ಭಂಗು ಮೂಡುತ್ತದೆ. ಅದರ ಮೇಲೆ ಪುಡಿ ಹಚ್ಚಿ ಮರೆಮಾಡಲು ಅಡ್ಡಿಯಿಲ್ಲ. ಆದರೆ ಪುಡಿಯೊಂದೇ ಬಿಸಿಲಿಗೆ ಸಾಲದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತಂಪಾಗಿದೆಯೆಂದು ಬಿಸಿಲಿನ ಅತಿನೇರಳೆ ಕಿರಣ ಸುಮ್ಮನಿರುವುದಿಲ್ಲ. ಎಸ್‌ಪಿಎಫ್ 30 ಅಥವಾ ಅದಕ್ಕೂ ಮೇಲಿನ ಸನ್‌ಸ್ಕ್ರೀನ್ ಮೊದಲು, ಪುಡಿ ಆಮೇಲೆ. ಭಂಗು ಇರುವವರಿಗೆ ಕಬ್ಬಿಣದ ಆಕ್ಸೈಡ್ ಸೇರಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ. ಕಣ್ಣಿಗೆ ಕಾಣುವ ಬೆಳಕಿನಿಂದಲೂ ಭಂಗು ಗಾಢವಾಗುತ್ತದೆ, ಅದನ್ನು ಈ ಆಕ್ಸೈಡ್ ಒಂದಷ್ಟು ತಡೆಯುತ್ತದೆ.

ನಿಜವಾದ ಅಪಾಯ ಬೇರೆಡೆ ಇದೆ

ಇಷ್ಟು ಹೊತ್ತು ಹೇಳಿದ್ದು ಪುಡಿಯ ಮಾತು. ಸಂಜೆ ಹಚ್ಚಿ ರಾತ್ರಿ ತೊಳೆದರೆ ಅದರ ಕಥೆ ಮುಗಿಯಿತು. ಮದುವೆ ನಿಶ್ಚಯವಾದ ಮನೆಗಳಲ್ಲಿ ಸದ್ದಿಲ್ಲದೆ ನಡೆಯುವ ಇನ್ನೊಂದು ಕೆಲಸವಿದೆ. ಅದು ಅಷ್ಟು ಸುಲಭವಾಗಿ ತೊಳೆದುಹೋಗುವುದಿಲ್ಲ.

"ಇನ್ನೂ ಮೂರು ತಿಂಗಳಿದೆ, ಅಷ್ಟರಲ್ಲಿ ಸ್ವಲ್ಪ ಬೆಳ್ಳಗಾಗ್ಲಿ" ಎಂದು ಯಾರೋ ಒಂದು ಟ್ಯೂಬ್ ತಂದುಕೊಡುತ್ತಾರೆ. ಅತ್ತಿಗೆಗೆ ಕೆಲಸ ಮಾಡಿತ್ತು, ಪಕ್ಕದ ಮನೆಯವರು ಹೇಳಿದರು, ಔಷಧದ ಅಂಗಡಿಯಲ್ಲಿ ಕೊಟ್ಟರು ಎಂಬ ಸಮಜಾಯಿಷಿ ಬೇರೆ. ಎರಡು ವಾರದಲ್ಲಿ ಮುಖ ತಿಳಿಯಾಗುತ್ತದೆ. ಎಲ್ಲರಿಗೂ ಸಂತೋಷ. ಆ ಟ್ಯೂಬಿನಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಮುಂತಾದ ಸ್ಟೀರಾಯ್ಡ್ ಇದ್ದರೆ ಮುಂದಿನ ಕಥೆ ಬೇರೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗುತ್ತದೆ, ಸಣ್ಣ ರಕ್ತನಾಳಗಳು ಕೆಂಪು ಎಳೆಗಳಂತೆ ಕಾಣತೊಡಗುತ್ತವೆ, ಗುಳ್ಳೆಗಳು ಏಳುತ್ತವೆ, ಮುಖದಲ್ಲಿ ಕೂದಲು ಹೆಚ್ಚುತ್ತದೆ. ಬಿಸಿಲಿಗೆ ಹೋದರೆ, ಒಲೆಯ ಮುಂದೆ ನಿಂತರೆ ಉರಿ. ನಿಲ್ಲಿಸೋಣವೆಂದರೆ ಉರಿ, ಕೆಂಪು ಮತ್ತಷ್ಟು ಭುಗಿಲೇಳುತ್ತದೆ. ಹೆದರಿ ಮತ್ತೆ ಹಚ್ಚುತ್ತಾರೆ. ಹೀಗೆ ಮುಖ ಕ್ರೀಮಿನ ದಾಸನಾಗುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿದ್ದು ಸುಮ್ಮನೆ ಅಲ್ಲ.

ಸ್ಟೀರಾಯ್ಡ್ ಔಷಧವೇ ಕೆಟ್ಟದ್ದೆಂದು ತಿಳಿಯಬೇಡಿ. ಇಸುಬಿನಂಥ ಕಾಯಿಲೆಗೆ, ಭಂಗಿಗೂ ಕೂಡ, ವೈದ್ಯರು ಹೇಳಿದಷ್ಟು ದಿನ ಬಳಸಿದರೆ ಅದು ಔಷಧ. ಬಿಳುಪಿಗೆಂದು ತಿಂಗಳುಗಟ್ಟಲೆ ಬಳಸಿದರೆ ವಿಷ.

ಹೆಸರು, ವಿಳಾಸ ಯಾವುದೂ ಇಲ್ಲದ ಡಬ್ಬಿಗಳಲ್ಲಿ ಪಾದರಸದ ಭಯವೂ ಇದೆ. ಪಾದರಸ ಚರ್ಮದ ಬಣ್ಣ ತಯಾರಾಗುವುದನ್ನೇ ತಡೆಯುತ್ತದೆ, ಆದ್ದರಿಂದ ಬೇಗ ಬೆಳ್ಳಗಾದಂತೆ ಕಾಣುತ್ತದೆ. ಆದರೆ ಅದು ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡಕ್ಕೆ ಹೋಗುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2023ರ ಹೊತ್ತಿಗೆ, ಇಂಥ ಬಿಳುಪಿನ ಕ್ರೀಮು ಬಳಸಿದವರಲ್ಲಿ ಮೂತ್ರದಲ್ಲಿ ಪ್ರೋಟೀನು ಸೋರಿಹೋಗುವ ಮೂತ್ರಪಿಂಡದ ಕಾಯಿಲೆಯನ್ನು ಗುರುತಿಸಿದರು. ನಮ್ಮ ದೇಶದ ನಿಯಮದಂತೆ ಮುಖದ ಪ್ರಸಾಧನಗಳಲ್ಲಿ ಪಾದರಸವನ್ನು ಬೆರೆಸುವಂತಿಲ್ಲ. ಅರಿವಿಲ್ಲದೆ ಸೇರಿದ್ದರೂ ಹತ್ತು ಲಕ್ಷದಲ್ಲಿ 1 ಭಾಗ ಮೀರಬಾರದು. ಹಿಂದೆ ಚೌಕಿಯ ಇಂಗಳೀಕದಲ್ಲಿದ್ದ ಅದೇ ಪಾದರಸ ಈಗ ಬೇರೆ ವೇಷದಲ್ಲಿ ನಮ್ಮ ಮನೆಯ ಕಪಾಟಿಗೆ ಬಾರದಿರಲಿ.

ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಕ್ರೀಮು ಹಚ್ಚುತ್ತಿದ್ದರೆ ಗದರಬೇಡಿ. ಟ್ಯೂಬನ್ನೂ ಅದರ ಪೆಟ್ಟಿಗೆಯನ್ನೂ ಜೊತೆಗಿಟ್ಟುಕೊಂಡು ಚರ್ಮವೈದ್ಯರ ಬಳಿ ಕರೆದೊಯ್ಯಿರಿ. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ, ಮತ್ತಿಕೆರೆ ಬಳಿಯ ರಾಮಯ್ಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಸ್ಟೀರಾಯ್ಡಿನ ದಾಸ್ಯವನ್ನು ಬಿಡಿಸಲು ವೈದ್ಯರಿಗೆ ದಾರಿ ಗೊತ್ತಿದೆ. ವಾರಗಳು ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ಕಾಲು ಊದಿದ್ದರೆ, ಮೂತ್ರದಲ್ಲಿ ನೊರೆ ಕಂಡರೆ ಅದೇ ದಿನ ತೋರಿಸಿ. ಆಗ ಕ್ರೀಮಿನ ವಿಷಯವನ್ನು ಮುಚ್ಚಿಡಬಾರದು. ಹೇಳದಿದ್ದರೆ ವೈದ್ಯರು ಕಾರಣ ಹುಡುಕುತ್ತ ಕೂರಬೇಕಾಗುತ್ತದೆ.

ಮಲಗುವ ಮುನ್ನ

ಆರತಕ್ಷತೆ ಮುಗಿಸಿ ಮನೆ ಸೇರುವಾಗ ರಾತ್ರಿ ಹನ್ನೊಂದಾಗಿರುತ್ತದೆ. ಸೀರೆ ಬದಲಿಸುವುದೇ ಸಾಕೆನಿಸುತ್ತದೆ. ಆಗ ಚೌಕಿಯ ಕಲಾವಿದರನ್ನು ನೆನೆಯಿರಿ. ಹತ್ತಿಯಲ್ಲಿ ಮೇಕಪ್ ತೆಗೆಯುವ ದ್ರವ ಅದ್ದಿ ಕಣ್ಣಿನ ಸುತ್ತ ಮೆಲ್ಲಗೆ ಒರೆಸಿ. ಒಣಚರ್ಮದವರು ಕೊಬ್ಬರಿ ಎಣ್ಣೆಯನ್ನೂ ಬಳಸಬಹುದು. ಮೊಡವೆಯವರಿಗೆ ಎಣ್ಣೆ ಬೇಡ, ಸೌಮ್ಯವಾದ ಫೇಸ್‌ವಾಶ್ ಇರಲಿ. ಉಜ್ಜಬೇಡಿ. ಎರಡು ಸಲ ತೊಳೆದು, ಒತ್ತಿ ಒರೆಸಿ, ಲೋಷನ್ ಹಚ್ಚಿ ಮಲಗಿ. ಎಲ್ಲ ಸೇರಿ ಐದು ನಿಮಿಷದ ಕೆಲಸ.

ಈಗ ಆ ಆರ್.ಟಿ. ನಗರದ ಮನೆಗೆ ಮರಳೋಣ. ಕಂದು ಪುಡಿಯನ್ನು ಕಂಡು ಗಾಬರಿಯಾದ ಅಮ್ಮನಿಗೆ ಸಮಾಧಾನ ಹೇಳಬಹುದು. ಮಗಳು ತನ್ನ ಬಣ್ಣವನ್ನು ಬದಲಿಸಲು ಹೊರಟಿಲ್ಲ. ಅವಳ ಚರ್ಮ ಯಾವ ಬಣ್ಣದ್ದೋ ಅದನ್ನೇ ಅಳತೆಯಾಗಿಟ್ಟುಕೊಂಡು ಅದಕ್ಕೊಂದಿಷ್ಟು ನೆರಳು, ಒಂದಿಷ್ಟು ಬೆಳಕು ಕೊಡುತ್ತಿದ್ದಾಳೆ. ಮನೆಯವರು ಗಾಬರಿಪಡಬೇಕಾದ್ದು ಅವಳ ಕೈಯಲ್ಲಿ ಕಂದು ಡಬ್ಬಿ ಕಂಡಾಗಲ್ಲ, ಬೆಳ್ಳಗಾಗಿಸುವ ಟ್ಯೂಬ್ ಕಂಡಾಗ. ಆ ಟ್ಯೂಬಿಗೆ ದಾರಿ ಮಾಡಿಕೊಡುವುದು ಅನೇಕ ಸಲ ಮನೆಯವರ ಮಾತೇ. ಆದ್ದರಿಂದ "ಸ್ವಲ್ಪ ಬೆಳ್ಳಗಿದ್ದಿದ್ರೆ" ಎಂಬ ಮಾತನ್ನು ಅವಳ ಮುಂದೆ ಆಡದಿರುವುದೂ ಚರ್ಮದ ಆರೈಕೆಯೇ. ಅದಕ್ಕೆ ಯಾವ ಖರ್ಚೂ ಇಲ್ಲ.